ಚಿತ್ರದ ಹಾವಿಗೆ ಬೆಲ್ಲದ ಹಾಲು

ಮಿತ್ರರೇ, ಶಾಲೆಯ ಚಿತ್ರಪುಸ್ತಕವು ನನ್ನ ಮನೆಯಲ್ಲಿ ಮಳೆಗೆ ನೆನೆಯಿತೆಂಬ ಸುದ್ದಿ ತಪ್ಪು. ನೆನೆದದ್ದು ಹಾಲಿನಲ್ಲಿ.

ತಾವರಗೇರಾದ ಉರ್ದು ಶಾಲೆಯ ಚಿಕ್ಕ ಮಕ್ಕಳಿಗೆ ಕನ್ನಡದ ಚಿತ್ರಪುಸ್ತಕ ಸಿಗುವುದೇ ಅಪರೂಪ. ಹುಬ್ಬಳ್ಳಿಯಿಂದ ಬಂದ ಎರಡರಲ್ಲಿ ಒಂದನ್ನು ಆರಿಸಿಕೊಡುವ ಹೊಣೆಯನ್ನು ನಿವೃತ್ತ ಮಾಸ್ತರನಾದ ನನಗೆ ವಹಿಸಿದ್ದರು. ದೀಪಾವಳಿಯ ಪುಸ್ತಕದಲ್ಲಿ ದೀಪದ ಕುಡಿಗಳು ಗಾಳಿಗೆ ಎದುರಾಗಿ ಬಾಗಿದ್ದವು, ತಿರಸ್ಕರಿಸಿದೆ. ಪಂಚಮಿಯ ಪುಸ್ತಕದಲ್ಲಿ ನಾಗರಹಾವು ಜೀವಂತವಾಗಿತ್ತು, ಮೆಚ್ಚಿದೆ. ಅಷ್ಟಕ್ಕೇ ನಿಲ್ಲದೆ, ಹುತ್ತಕ್ಕೆ ಹಾಲೆರೆಯಲು ಹೊರಟಿದ್ದ ಮಕ್ಕಳನ್ನು ನಮ್ಮ ಮನೆಯ ಕಟ್ಟೆಗೆ ಕರೆದು, ಹಾವಿನ ಪುಟ ತೆರೆದಿಟ್ಟೆ.

ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ನೆರೆಮನೆಯ ಪುಟ್ಟ ಗಂಗವ್ವ, ಹುತ್ತದ ಮುಂದೆ ಮನೆಯವರೊಬ್ಬೊಬ್ಬರ ಹೆಸರಲ್ಲಿ ಎರೆಯುವ ವಾಡಿಕೆಯಂತೆಯೇ, "ಅವ್ವನ ಪಾಲು, ಅಪ್ಪನ ಪಾಲು" ಎನ್ನುತ್ತ ಹೆಡೆಯ ಮೇಲೆ ಬೆಲ್ಲದ ಹಾಲು ಎರೆದೇಬಿಟ್ಟಳು.

"ಏ ಹುಚ್ಚಿ, ಅದು ಬರೇ ಚಿತ್ರ ಐತಿ!"

"ಮನ್ಯಾಗ ಗ್ವಾಡಿ ಮ್ಯಾಲ ಬರದ ನಾಗಪ್ಪನೂ ಚಿತ್ರಾನ ಅಲ್ರಿ, ಮಾಸ್ತರ? ಇದು ಅದಕ್ಕಿಂತ ಭಾಳ ಛಲೋ ಐತ್ರಿ."

 ನನ್ನ ಮುಖ ನೋಡಿ ಕನಿಕರಪಟ್ಟವಳಂತೆ ಉಳಿದ ಹಾಲನ್ನೂ ಸುರಿದಳು: "ತಗೋರಿ, ಮಾಸ್ತರ ಪಾಲು."

ಪುಸ್ತಕವನ್ನು ಭಕ್ತಿಯಿಂದ ಕಾಣಬೇಕೆಂದು ಜೀವಮಾನವಿಡೀ ಬೋಧಿಸಿದವನು ನಾನೇ, ಗದರಿಸಲು ಬಾಯಿಲ್ಲ. ನಾಳೆ ಪುಸ್ತಕ ಶಾಲೆಗೆ ಹೋಗಬೇಕು. ಸದ್ಯಕ್ಕೆ ಪುಟಗಳನ್ನು ಒಣಹಾಕಿ, ಇರುವೆಗಳನ್ನು ಓಡಿಸುತ್ತ ಕುಳಿತಿದ್ದೇನೆ.

ಶ್ರಾವಣ ಶುದ್ಧ ಪಂಚಮಿ, ಸಂಜೆ ಆರು ಗಂಟೆ ಹತ್ತು ನಿಮಿಷ.