ಬಸುವಿಗೆ ಸಾನ್, ನನಗೆ ಬರೀ ಮೂರ್ತಿ

ಎರಡು ವಾರ ಕಾಲ ನಾನು ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚಿನಿಂದ ಬೆಂದುಹೋದೆ. ಅವನೇನೂ ಹೊಸ ಕಾರು ಕೊಂಡಿರಲಿಲ್ಲ, ಪ್ರಮೋಷನ್ನೂ ಸಿಕ್ಕಿರಲಿಲ್ಲ. ಅವನ ಹೆಸರಿಗೆ ಒಂದು ಪುಟ್ಟ ಬಾಲ ಸೇರಿಕೊಂಡಿತ್ತು, ಅಷ್ಟೆ.

ಕೆನಡಾದ ವುಡ್‌ಬ್ರಿಡ್ಜಿನ ನಮ್ಮ ಫ್ಯಾಕ್ಟರಿಗೆ ಹೊಸ ಮೆಷೀನು ಕೂರಿಸಿ ಕಲಿಸಿಕೊಡಲು ಜಪಾನಿನಿಂದ ನಕಾನೊ ಎಂಬ ಎಂಜಿನಿಯರ್ ಬಂದಿದ್ದಾರೆ. ತಂಡದಲ್ಲಿ ಕನ್ನಡದವರು ಇಬ್ಬರು: ನಾನು ಮತ್ತು ಧಾರವಾಡದ ಬಸವರಾಜ. ಮೊದಲ ದಿನವೇ ನಕಾನೊ ತಲೆಬಾಗಿ ಅವನನ್ನು ‘ಬಸು-ಸಾನ್’ ಅಂದರು, ನನ್ನನ್ನು ‘ಮೂರ್ತಿ-ಸಾನ್’ ಅಂದರು. ನಮ್ಮಲ್ಲಿ ‘ಮೂರ್ತಿಯವರೇ’ ಅಂದ ಹಾಗೆ. ಈ ದೇಶಕ್ಕೆ ಬಂದು ಹದಿಮೂರು ವರ್ಷವಾಯಿತು. ನಿನ್ನೆ ಕೆಲಸಕ್ಕೆ ಸೇರಿದ ಹುಡುಗಿಯೂ ನನ್ನನ್ನು ‘ಹೇ ಮೂರ್ತಿ’ ಅನ್ನುತ್ತಾಳೆ. ಕಿವಿ ತಂಪಾಯಿತು.

ಆಗ ನಾನೇನು ಮಾಡಿದೆ? ಅಜ್ಜಿ ಕಲಿಸಿದ್ದನ್ನೇ ಮಾಡಿದೆ. ದೊಡ್ಡವರು ಬಹುವಚನದಲ್ಲಿ ಮಾತಾಡಿಸಿದರೆ “ಅಯ್ಯೋ, ನನಗ್ಯಾಕೆ ಬಹುವಚನ?” ಅನ್ನಬೇಕು. ಅವರು “ಛೇ ಛೇ, ಇರಲಿ” ಅಂತ ಮುಂದುವರಿಸಬೇಕು. (ಎರಡನೇ ಹೋಳಿಗೆ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ನಮಗೆ ನಿಜಕ್ಕೂ ಬೇಡವೆಂದು ಯಾರಾದರೂ ನಂಬುತ್ತಾರೆಯೇ?)

“ಸಾನ್ ಎಲ್ಲ ಯಾಕೆ? ಬರೀ ಮೂರ್ತಿ ಅನ್ನಿ ಸಾಕು” ಎಂದೆ, ಇಂಗ್ಲಿಷಿನಲ್ಲಿ.

ನಕಾನೊ ಒಂದು ಕ್ಷಣ ನನ್ನನ್ನೇ ನೋಡಿದರು. ಮುಖ ಅರಳಿತು. “ಥ್ಯಾಂಕ್ ಯೂ, ಮೂರ್ತಿ.”

ಮುಗಿಯಿತು. ಹೋಳಿಗೆ ಮುಂದಿನ ಎಲೆಗೆ ಹೋಯಿತು.

ಅಂದಿನಿಂದ ಊಟಕ್ಕೆ ನನ್ನ ಪಕ್ಕದಲ್ಲೇ ಕೂರುವರು. ಫೋನಿನಲ್ಲಿ ಮಗಳ ಫೋಟೊ ತೋರಿಸುವರು. ನನಗೆ ಅದರ ಮೇಲೆ ಗಮನವೆಲ್ಲಿ? ಇಡೀ ದಿನ ಕಿವಿಗೆ ಬೀಳುತ್ತಿದ್ದುದು ಒಂದೇ: ಬಸು-ಸಾನ್, ಬಸು-ಸಾನ್!

ಪಕ್ಕದ ಮಾಲ್ಟನ್ನಿನಲ್ಲಿ ಮನೆ ಮಾಡಿರುವ ಬಸು ದಿನಾ ನನ್ನನ್ನು ಕಾರಿನಲ್ಲಿ ಕೆಲಸಕ್ಕೆ ಕರೆದೊಯ್ಯುತ್ತಾನೆ. “ಯಾಕ್ರೀ ಮೂರ್ತಿ, ಸಪ್ಪಗಾಗೀರಿ? ಹೊಟ್ಟಿ ಉರ್ಯಾಕತ್ತೈತೇನು?”

“ಯಾವ ಉರಿ? ನಿಮ್ಮ ಹೀಟರ್ ಸ್ವಲ್ಪ ಕಮ್ಮಿ ಮಾಡಿ, ಅಷ್ಟೇ.”

“ಬ್ಯಾಡ ಅಂದವ್ರು ನೀವಽ ಅಲ್ಲೇನ್ರೀ? ನಾ ಬಾಯಿ ಮುಚ್ಕೊಂಡು ಸುಮ್ನ ಇದ್ದೆ. ಬಸು-ಸಾನ್! ಮನ್ಯಾಗ ನನ್ನ ಹೆಂಡ್ತಿನೂ ಹಂಗ ಕರ್ಯಾಂಗಿಲ್ರಿ!”

ಕೊನೆಗೆ ತಡೆಯಲಾಗಲಿಲ್ಲ. ಕಳೆದ ಸೋಮವಾರ ಊಟದ ಹೊತ್ತಿನಲ್ಲಿ ನಗುನಗುತ್ತಲೇ ಹೇಳಿಬಿಟ್ಟೆ: “ನಕಾನೊ-ಸಾನ್, ನನ್ನ ಹೆಸರಿಗೂ ಸಾನ್ ಸೇರಿಸಬಹುದು, ಪರವಾಗಿಲ್ಲ.”

ಅವರು ಚಮಚ ಕೆಳಗಿಟ್ಟರು. “ನನ್ನಿಂದ ಏನಾದರೂ ತಪ್ಪಾಯಿತೇ?”

“ಇಲ್ಲ, ಇಲ್ಲ…”

“ನಮ್ಮಲ್ಲಿ ಬರೀ ಹೆಸರು ಹಿಡಿದು ಕರೆಯುವುದು ತೀರಾ ಹತ್ತಿರದವರನ್ನು ಮಾತ್ರ. ನೀವು ಮೊದಲ ದಿನವೇ ಒಪ್ಪಿಗೆ ಕೊಟ್ಟಿರಿ. ಕೆನಡಾದಲ್ಲಿ ಒಬ್ಬ ಗೆಳೆಯ ಸಿಕ್ಕಿದ ಅಂತ ಮನೆಗೆ ಫೋನ್ ಮಾಡಿ ಹೇಳಿದ್ದೆ.” ಎದ್ದು ನಿಂತು ಬಗ್ಗಿ ನಮಸ್ಕರಿಸಿದರು. “ಕ್ಷಮಿಸಿ, ಮೂರ್ತಿ-ಸಾನ್.”

ಕಾದು ಕಾದು ಪಡೆದ ಸಾನ್. ಅದೇಕೋ ಕಿವಿ ತಂಪಾಗಲಿಲ್ಲ.

ಮರುದಿನದಿಂದ ಅವರು ಊಟಕ್ಕೆ ಬೇರೆ ಟೇಬಲ್ಲಿಗೆ ಹೋದರು. ಮುನಿಸೇನಿಲ್ಲ, ನಗುತ್ತಾರೆ. ಗೇಟಿನ ಸೆಕ್ಯುರಿಟಿಯವನನ್ನು ಕಂಡು ನಗುವಷ್ಟೇ.

ಗುರುವಾರ ಕಾರಿನಲ್ಲಿ ಬಸು ಅಂದ: “ನಾನೂ ಅವರಿಗೆ ಹೇಳಿಬಿಟ್ಟೆರಿ, ಈ ಸಾನ್-ಗೀನ್ ಬ್ಯಾಡ ಅಂತ. ಪಾಪ, ಊಟಕ್ಕ ಒಬ್ರಽ ಕುಂತಿದ್ರು.”

ಅವನು ನಿಜವಾಗಿಯೂ ಬೇಡವೆಂದೇ ಹೇಳಿದ್ದ. ಬೇಕಾಗಿದ್ದನ್ನು ಬೇಡವೆನ್ನುವ ನಯ ಅವನಿಗೆ ಯಾರೂ ಕಲಿಸಿಲ್ಲ. ಪುಣ್ಯವಂತ.

ನಿನ್ನೆ ಮೂಲೆಯ ಟೇಬಲ್ಲಿನಲ್ಲಿ ಇಬ್ಬರೂ ಇದ್ದರು. ನಕಾನೊ ಜೋಳದ ರೊಟ್ಟಿ ಮುರಿಯುತ್ತಾ, “ಬಸು, ಇದು ನೋಡು” ಎಂದು ಫೋನು ಅವನ ಕಡೆ ತಿರುಗಿಸಿದರು. ನನ್ನನ್ನು ಕಂಡದ್ದೇ ನೆಟ್ಟಗೆ ಎದ್ದು ನಿಂತು, “ಗುಡ್ ಆಫ್ಟರ್‌ನೂನ್, ಮೂರ್ತಿ-ಸಾನ್” ಅಂದರು.

ಮರ್ಯಾದೆಯನ್ನೇನೋ ಬಾಯಿಬಿಟ್ಟು ಕೇಳಿ ಪಡೆದೆ. ಸಲುಗೆಯನ್ನು ಯಾವ ಬಾಯಲ್ಲಿ ಕೇಳಲಿ?