ಅಣ್ಣನ ಟ್ರ್ಯಾಕ್ಟರಿನ ಸೀಟು

ನಮ್ಮ ಹೊಲಕ್ಕೆ ಆ ಸಣ್ಣ ಟ್ರ್ಯಾಕ್ಟರ್ ಬಂದ ದಿನದಿಂದ ಅದರ ಸೀಟಿನ ಮೇಲೆ ಅಣ್ಣನನ್ನು ಬಿಟ್ಟು ಮನೆಯವರು ಯಾರೂ ಕೂತಿರಲಿಲ್ಲ. ಕೂರಲು ಅವನು ಬಿಟ್ಟರೆ ತಾನೆ! ಖಾನಾಪುರ ದಾಟಿ ಕಣಕುಂಬಿ ಕಡೆ ಹೋಗುವ ರಸ್ತೆಯ ಬದಿಗೆ ನಮ್ಮ ಭತ್ತದ ಗದ್ದೆ. ಅದರ ಹಿಂದಿನ ಇಳಿಜಾರಿನಲ್ಲಿ ಅಕೇಶಿಯಾ ತೋಪು. ದೊಡ್ಡ ಟ್ರ್ಯಾಕ್ಟರ್ ತಿರುಗಲು ಅಲ್ಲಿ ಜಾಗವಿಲ್ಲ, ಅದಕ್ಕೇ ಸಣ್ಣದನ್ನು ತಂದಿದ್ದ. ನಾನು ಶಹರದ ಹಿಂದವಾಡಿಯಿಂದ ರವಿವಾರಕ್ಕೊಮ್ಮೆ ಹೋಗುವವನು. ಬ್ಯಾಂಕಿನ ಕುರ್ಚಿಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ನನಗೆ ಆ ಸೀಟಿನ ಮೇಲೆ ಭಾರಿ ಆಸೆ. ಕೇಳಿದಾಗಲೆಲ್ಲ ಒಂದೇ ಉತ್ತರ.

“ನೀ ಫ್ಯಾನಿನ ಕೆಳಗ ಕುಂತು ಲೆಕ್ಕಾ ಬರದಾಂವ. ಇದು ಬದು ಹತ್ತಿ ಕೆಡವಿತಂದ್ರ ಹಲ್ಲು ಉಳಿಯೂದಿಲ್ಲ. ಬಾಜುಕ ನಿಂದರು.”

ನಾನು ಬಾಜುಕ್ಕೆ ನಿಂತು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಅವನು ಎಡಗಾಲನ್ನು ಮೆಟ್ಟಿಲ ಮೇಲಿಟ್ಟು, ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಧೋತರದ ತುದಿ ಹಿಡಿದು, ಸೈಕಲ್ ಏರಿದಷ್ಟೇ ಸಲೀಸಾಗಿ ಹತ್ತಿಬಿಡುತ್ತಿದ್ದ.

ಗದ್ದೆಗೆ ಆ ಟ್ರ್ಯಾಕ್ಟರ್ ಸಾಕಾಗುತ್ತಿತ್ತು. ತೋಪಿಗೆ ಸಾಲುತ್ತಿರಲಿಲ್ಲ. ಕಡಿದ ದಿಮ್ಮಿಗೆ ಸರಪಳಿ ಕಟ್ಟಿ ಎಳೆದರೆ ಗಾಲಿ ನಿಂತಲ್ಲೇ ಗರಗರ ತಿರುಗುತ್ತಿತ್ತು. ಆಮೇಲೆ ಅಣ್ಣನೇ ಇಳಿದು ಹೆಗಲು ಕೊಟ್ಟು ನೂಕಬೇಕು. ಅಷ್ಟರಲ್ಲಿ ಅವನ ಎಡ ಮೊಣಕಾಲು ನೋಯತೊಡಗಿತು. ಭಾರ ಎತ್ತಬೇಡಿ ಎಂದರು ಡಾಕ್ಟರು. ಆ ಮಾತು ಅವನಿಗೆ ಬರೆ ಎಳೆದಂತಾಯಿತು. ತನ್ನ ಕೈಲಾಗದ್ದನ್ನು ಯಂತ್ರ ಎತ್ತಲಿ ಎಂದು ಹಟಕ್ಕೆ ಬಿದ್ದ.

“ಹೊಸಾದು ಬ್ಯಾಡ. ಇದನ್ನ ದೊಡ್ಡದು ಮಾಡೂಣು. ಇನ್ನ ಹತ್ತು ವರ್ಷ ನಾನ ನಡಸ್ತೇನಿ,” ಎಂದ.

ಹೋದ ವರ್ಷದ ಬೇಸಿಗೆಯಲ್ಲಿ ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರ್ ಬಿಟ್ಟೆವು. ಹಿಂದೆ ಎತ್ತರದ ಹೊಸ ಟೈರು, ದಿಮ್ಮಿ ಎಳೆಯಲು ಉಕ್ಕಿನ ಹಗ್ಗ ಸುತ್ತಿದ ಉರುಳೆ, ಮುಂದೆ ದಿಮ್ಮಿ ಎತ್ತಲು ಎರಡು ಕಬ್ಬಿಣದ ತೋಳು. ಅಣ್ಣ ವೆಲ್ಡಿಂಗಿನ ಕಿಡಿ ಲೆಕ್ಕಿಸದೆ ಪಕ್ಕದಲ್ಲೇ ನಿಂತು ಎಲ್ಲವನ್ನೂ ಮಾಡಿಸಿದ. ನಾನು ಸುಮ್ಮನಿರಲಾರದೆ ಮೆತ್ತನೆಯ ಹೊಸ ಸೀಟು ಹಾಕಿಸಿದೆ. ಬಣ್ಣದ ವಿಷಯಕ್ಕೆ ಇಬ್ಬರೂ ಅರ್ಧ ದಿನ ಜಗಳಾಡಿದೆವು. ಅವನು ಹೇಳಿದ ಕೆಂಪೇ ಆಯಿತು. ತಯಾರಾದ ಮೇಲೆ ಕೆಲಸದವನೇ ಅದನ್ನು ಟೆಂಪೋಕ್ಕೆ ಏರಿಸಿದ. ಅಣ್ಣ ಒಮ್ಮೆಯೂ ಹತ್ತಿ ನೋಡಲಿಲ್ಲ. ಹತ್ತಿ ನೋಡು ಎಂದು ನಾನೂ ಅನ್ನಲಿಲ್ಲ.

ಮಳೆಗಾಲದಲ್ಲಿ ಅವನದು ಒಂದೊಂದು ರವಿವಾರ ಒಂದೊಂದು ನೆಪ. “ಟೈರ್ ಹೊಸಾವು, ಕಲ್ಲಿಗೆ ಹರದಾವು.” “ಇಂಜಿನ್ ಇನ್ನ ಹದಕ್ಕ ಬರಲಿ.” ನಾಟಿಗೆ ಮೊದಲು ಗದ್ದೆಯ ರಾಡಿ ಹೊಡೆಯಲು ಪಕ್ಕದ ಹೊಲದವರ ಡ್ರೈವರ್ ಅವರದೇ ಟ್ರ್ಯಾಕ್ಟರ್ ತಂದು ಹೋದನಂತೆ. ಹೊಸ ಯಂತ್ರದ ಮೇಲೆ ಅಣ್ಣನಿಗೆ ಎಷ್ಟು ಮೋಹ ನೋಡು ಎಂದು ನಾನು ನಗುತ್ತಿದ್ದೆ.

ದಸರೆಯ ಖಂಡೇಪೂಜೆಯ ದಿನ ನಗು ನಿಂತಿತು. ಅಂದು ಟ್ರ್ಯಾಕ್ಟರ್ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಡುತ್ತೇವೆ. ಮನೆಯ ಹಿರಿಯ ಸೀಟು ಹತ್ತಿ ಆ ಲಿಂಬೆಹಣ್ಣಿನ ಮೇಲೆ ಹಾಯಿಸಬೇಕು. ನೆರೆಹೊರೆಯವರೆಲ್ಲ ಅಂಗಳದಲ್ಲಿ ನೆರೆದಿದ್ದರು. ಅಣ್ಣನ ಹೆಂಡತಿ, ನಮ್ಮ ವೈನಿ, ಆರತಿ ಮುಗಿಸಿದರು. ಅಣ್ಣ ಕಾಯಿ ಒಡೆದು, ಧೋತರ ಎತ್ತಿ, ಎಡಗಾಲು ಮುಂದಿಟ್ಟ. ಕಾಲಿಡಲು ಜಾಗವಿರಲಿಲ್ಲ. ಆ ಕಬ್ಬಿಣದ ತೋಳುಗಳ ಚೌಕಟ್ಟು ಎರಡೂ ಕಡೆ ಮೆಟ್ಟಿಲ ಮೇಲೆಯೇ ಹಾದುಹೋಗಿತ್ತು. ಅದನ್ನು ದಾಟಿ ಕಾಲೆತ್ತಿ ಹಾಕಬೇಕು. ಅವನ ಮೊಣಕಾಲು ಅಷ್ಟು ಮಡಚುತ್ತಿರಲಿಲ್ಲ. ಇಡೀ ಮಳೆಗಾಲದ ನೆಪಗಳು ನನಗೆ ಆಗ ಅರ್ಥವಾದವು.

ವೈನಿ ಒಳಗಿನಿಂದ ಸ್ಟೂಲ್ ತಂದರು. “ಇದರ ಮ್ಯಾಲೆ ಕಾಲಿಟ್ಟು ಹತ್ತರಿ. ಏನಾಗೂದಿಲ್ಲ.”

“ತಗೀ ಅದನ್ನ,” ಎಂದ ಅಣ್ಣ, ಹಲ್ಲು ಕಚ್ಚಿ.

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, “ಅಣ್ಣಾ, ಆಟೋ ನಗರಕ್ಕ ಒಯ್ದು ಇವನ್ನ ಬಿಚ್ಚಿಸೂಣು.”

“ಬಿಚ್ಚಿದ್ರ ಮಂದಿ ಯಾಕಂತ ಕೇಳ್ತಾರ. ಏನ ಹೇಳಲಿ? ನಾನ ನಿಂತು ಹಾಕ್ಸೇನಿ. ದಿಮ್ಮಿ ಎತ್ತಾಕ ಬೇಕ ಅವು, ಇರಲಿ.” ಆಮೇಲೆ ಎಲ್ಲರಿಗೂ ಕೇಳುವಂತೆ ದನಿ ಏರಿಸಿದ. “ಈ ಸಲ ನಮ್ಮ ತಮ್ಮ ಹಾಯಿಸ್ತಾನ್ರಿ! ರಿಟೈರ್ ಆಗ್ಯಾನ, ಕಲೀಲಿ!”

ಜನ ನಕ್ಕರು. ಒಲ್ಲೆ ಅನ್ನುವ ಹಾಗಿರಲಿಲ್ಲ. ಅಂದರೆ ಅವನ ಮಾನ ಹೋಗುತ್ತಿತ್ತು. ತೋಳಿನ ಚೌಕಟ್ಟು ದಾಟಿ, ನಾನೇ ಹಾಕಿಸಿದ ಮೆತ್ತನೆಯ ಸೀಟಿನಲ್ಲಿ ಕೂತೆ. ಕಾರು ನಡೆಸಿ ಬಲ್ಲ ಕಾಲಿನಿಂದ ಕ್ಲಚ್ಚನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ಅಣ್ಣ ಬಾಜುಕ್ಕೆ, ಇಷ್ಟು ವರ್ಷ ನಾನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದ.

“ಸಾವಕಾಶ ಬಿಡು, ತಮ್ಮಾ. ಹೆದರಬ್ಯಾಡ,” ಎಂದ.

ಲಿಂಬೆಹಣ್ಣು ಒಡೆದವು. ಜನ ಚಪ್ಪಾಳೆ ಹೊಡೆದರು. ಆ ಸೀಟು ನನಗೆ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವನಿಂದ ಕಸಿದುಕೊಂಡು ಕೂತಂತಾಯಿತು. ಕಣ್ಣು ತುಂಬಿ ಬಂದು ಅಂಗಳದಾಚೆಯ ಬದು ಕಾಣದೆ ಬ್ರೇಕ್ ಒತ್ತಿದೆ.

ಈಗ ರವಿವಾರ ಹೋದರೆ ಕೀಲಿಯನ್ನು ಅವನೇ ನನ್ನ ಕೈಗಿಡುತ್ತಾನೆ. ತೋಪಿನ ದಿಮ್ಮಿಗಳನ್ನು ಟ್ರ್ಯಾಕ್ಟರ್ ಹೂವಿನ ಹಾಗೆ ಎತ್ತುತ್ತದೆ. ಅಣ್ಣ ಮುಂದೆ ನಡೆಯುತ್ತ ಕೈಯಿಂದ ದಾರಿ ತೋರಿಸುತ್ತಾನೆ. ಕೆಲಸ ಮುಗಿದ ಮೇಲೆ ನಾನೇ ಒರೆಸುತ್ತೇನೆ ಎಂದರೆ ಟೈರು, ಬಾನೆಟ್ ನನಗೆ ಬಿಡುತ್ತಾನೆ. ಸೀಟನ್ನು ಮಾತ್ರ ಬಿಡುವುದಿಲ್ಲ. ಕೆಳಗೆ ನಿಂತು, ಆ ತೋಳಿನ ಮೇಲಿಂದ ಕೈ ಚಾಚಿ, ಎಟುಕಿದಷ್ಟನ್ನು ತಾನೇ ಒರೆಸುತ್ತಾನೆ.