ಪರಾತದ ಅಕ್ಕಿ ಮತ್ತು ಮೇಲ್‌ಮ್ಯಾಪ್

ಶಹಾಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಭೀಮರಾಯನಗುಡಿಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಕಾಲುವೆಗೆ ಯಾವಾಗ ನೀರು ಬಿಟ್ಟರೆಂದು ತೋರಿಸುವ ಪ್ರೋಗ್ರಾಮ್ ಅವಳೇ ಬರೆದದ್ದು. ಅದರಲ್ಲಿ ಯಾರು ಯಾವ ದಿನ ಏನು ತಿದ್ದಿದರೆಂಬುದನ್ನೆಲ್ಲ ಒಂದು ಉಪಕರಣ ಕಾದಿಟ್ಟಿರುತ್ತದೆ. ‘ಲಾಗ್’ ಎಂದು ಟೈಪ್ ಮಾಡಿದರೆ ಹೊಸದರಿಂದ ಹಳೆಯದರವರೆಗೆ ಸಾಲಾಗಿ ಬಿಚ್ಚಿಡುತ್ತದೆ. ಆ ಲಾಗ್ ಹೇಗೆ ಕಾಣಬೇಕೆಂದು ಗೊತ್ತುಮಾಡುವ ಆಪ್ಶನ್‌ಗಳನ್ನು ಕನ್ನಡದಲ್ಲಿ ಬರೆದುಕೊಡಿ, ಇಂಗ್ಲಿಷ್ ಪುಟ ಓದಿದರೆ ತಲೆ ತಿರುಗುತ್ತದೆ ಎಂದಳು. ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಗ್ರಾಮರ್ ಕಲಿಸಿದವಳಿಗೆ ಮ್ಯಾನ್ಯುಯಲ್ ಏನು ಮಹಾ, ಹೂಂ ಅಂದೆ.

ತಾರೀಖು ಹೇಗೆ ಕಾಣಬೇಕು ಎಂಬ ಆಪ್ಶನ್ ಸಲೀಸಾಗಿ ಬರೆದೆ. ಆಮೇಲೆ ಮೇಲ್‌ಮ್ಯಾಪ್ ಬಂತು. ಒಬ್ಬರೇ ಎರಡು ಹೆಸರಿನಲ್ಲಿ ಕೆಲಸ ಮಾಡಿದ್ದರೆ, ಒಂದು ಪಟ್ಟಿಯಲ್ಲಿ ಹಳೆಯದಕ್ಕೆ ಹೊಸದನ್ನು ಜೋಡಿಸಿಡಬೇಕು. ಲಾಗ್ ಎಲ್ಲ ಕಡೆ ಹೊಸ ಹೆಸರನ್ನೇ ತೋರಿಸುತ್ತದೆ. ನಾನು ಬರೆದೆ: ‘ಆಗ ಹಳೆಯ ಹೆಸರು ಅಳಿಸಿಹೋಗುತ್ತದೆ.’

ಎರಡನೇ ಯೋಚನೆಯೇ ಬರಲಿಲ್ಲ. ನನ್ನ ಮದುವೆಯಲ್ಲಿ ಪರಾತವೆಂಬ ಅಗಲ ತಟ್ಟೆಯ ತುಂಬ ಅಕ್ಕಿ ಹರಡಿ, ನಮ್ಮ ಯಜಮಾನರು ಉಂಗುರದಿಂದ ನನ್ನ ಹೊಸ ಹೆಸರು ಬರೆದರು. ಕಾನ್ವೆಂಟಿನಲ್ಲಿ ಅಟೆಂಡೆನ್ಸ್ ಕೂಗಿದಾಗ ‘ಪ್ರೆಸೆಂಟ್, ಸಿಸ್ಟರ್’ ಎಂದು ನಾನು ಎದ್ದು ನಿಲ್ಲುತ್ತಿದ್ದ ಹೆಸರು ಅಂದಿಗೆ ಮುಗಿಯಿತು. ಅದನ್ನು ಹಿಡಿದು ಕರೆಯುವವರು ಈಗ ಒಬ್ಬರೂ ಇಲ್ಲ.

ಶನಿವಾರ ಮಧ್ಯಾಹ್ನ ಅವಳು ನನ್ನ ಪುಟ ಹಿಡಿದು ಕೆಳಗೆ ಬಂದಳು. ಮುಖ ಬಾಡಿತ್ತು.

“ಅಕ್ಕೋರ, ಸೋಮವಾರ ದೊಡ್ಡ ಸಾಹೇಬ್ರು ಲಾಗ್ ನೋಡಾಕ ಬರ್ತಾರಂತ. ಯಾರು ಬರದಾರ ಅಂತ ನೋಡಿ ಮುಂದಿನ ಕೆಲಸ ಅವ್ರಿಗೇ ಕೊಡ್ತಾರ. ಅರ್ಧಾ ಕೆಲಸ ತವರುಮನಿ ಸಗರದಾಗ ನಮ್ಮವ್ವ ಇಟ್ಟ ಹೆಸರಿನಾಗ ಐತ್ರಿ, ಮದುವಿ ಆದಮ್ಯಾಗಿಂದು ಈ ಹೆಸರಿನಾಗ. ಎರಡೂ ಕೂಡಸಾಕ ಮ್ಯಾಪ್ ಹಾಕೋಣು ಅಂದ್ರು ಆಫೀಸಿನ್ಯಾಗ. ನೀವು ಹಳೇದು ಅಳಿಸಿ ಹೋಗ್ತೈತಿ ಅಂತ ಬರದೀರಿ. ಬ್ಯಾಡ ಅಂದು ಬಂದೀನಿ.”

“ಹುಚ್ಚಿ! ಅರ್ಧಾ ಕೆಲಸ ಯಾರದೋ ಅಂತಾರಲ್ಲ ಅವ್ರು!”

“ಅನ್ನಲಿ ಬಿಡ್ರಿ. ಅಕ್ಕಿ ಮ್ಯಾಲೆ ಬರದದ್ದು ಒಪ್ಕೊಂಡೀನಿ. ಆದ್ರ ನಮ್ಮವ್ವ ಇಟ್ಟದ್ದು ನನ್ನ ಕೈಲೇ ಅಳಸಾಕ ಆಗಂಗಿಲ್ಲ.”

ನಾನು ಇಂಗ್ಲಿಷ್ ಪುಟ ಮತ್ತೆ ತೆಗೆದೆ. ಅಳಿಸುತ್ತದೆ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅದು ನಾನೇ ಸೇರಿಸಿದ್ದು. ಶೇಮ್! ಪ್ರಶ್ನೆಯನ್ನು ಟ್ವೈಸ್ ಓದಿ ಎಂದು ಮಕ್ಕಳ ತಲೆ ತಿಂದವಳು ನಾನು.

“ಲ್ಯಾಪ್‌ಟಾಪ್ ತಾ ಇಲ್ಲಿ.”

“ನೀವು ಟೈಪ್ ಮಾಡ್ತೀರಿ?”

“ಟೈಪ್‌ರೈಟಿಂಗ್ ಸೀನಿಯರ್ ಪಾಸಾದಾಕಿ ನಾ. ಸರಿ ಅತ್ತಾಗ.”

ಪ್ರೋಗ್ರಾಮಿನ ಒಂದು ನಕಲಿನಲ್ಲಿ ಅವಳು ಪಟ್ಟಿ ಹಾಕಿಕೊಟ್ಟಳು. ಲಾಗ್ ಎಂದು ಒತ್ತಿದೆ. ಮೇಲಿಂದ ಕೆಳಗಿನವರೆಗೆ ಹೊಸ ಹೆಸರೇ. ಅವಳು ಸೆರಗು ಬಾಯಿಗೆ ಹಿಡಿದಳು. ಅದೇ ಕಮಾಂಡಿಗೆ ‘ನೋ ಮೇಲ್‌ಮ್ಯಾಪ್’ ಸೇರಿಸಿ ಇನ್ನೊಮ್ಮೆ ಒತ್ತಿದೆ. ಸಗರದ ಹೆಸರು ತನ್ನ ತಾರೀಖುಗಳ ಸಮೇತ ಸಾಲುಸಾಲಾಗಿ ನಿಂತಿತ್ತು.

“ಇಲ್ಲೇ ಐತ್ರಿ!” ಎಂದು ಸ್ಕ್ರೀನ್ ಮುಟ್ಟಿದಳು.

ಆ ವಾಕ್ಯ ಹೊಡೆದುಹಾಕಿ ಬರೆದೆ: ‘ಈ ಆಪ್ಶನ್ ತೋರಿಸುವ ಹೆಸರನ್ನಷ್ಟೇ ಬದಲಿಸುತ್ತದೆ, ದಾಖಲೆಯನ್ನು ಮುಟ್ಟುವುದಿಲ್ಲ. ಮೊದಲಿನ ಹೆಸರು ಬೇಕೆಂದರೆ ಕೇಳಿ, ತೋರಿಸುತ್ತದೆ.’ ಅವಳು ನನ್ನೆದುರಿಗೇ ಕಚೇರಿಗೆ ಫೋನ್ ಮಾಡಿ, “ಮ್ಯಾಪ್ ಹಾಕ್ರಿ ಸರ್” ಎಂದಳು. ನಾನು ತಾರೀಖಿನ ಆಪ್ಶನ್‌ನಿಂದ ಮತ್ತೆ ಶುರುಮಾಡಿದೆ. ಇನ್ನು ಮೇಲೆ ಒತ್ತಿ ನೋಡದೆ ಒಂದು ಸಾಲನ್ನೂ ಬರೆಯುವುದಿಲ್ಲ.

ಮಹಡಿ ಹತ್ತುವ ಮೊದಲು ಅವಳು, “ಅಕ್ಕೋರ, ನಿಮ್ದು ತವರುಮನಿ ಹೆಸರು ಏನ್ರಿ?” ಎಂದಳು. ಹೇಳಿದೆ. ನನ್ನ ಬಾಯಿಗೇ ಅಪರಿಚಿತವೆನಿಸಿತು.

ಸೋಮವಾರ ಸಂಜೆ ಗೇಟಿನಿಂದಲೇ ಅವಳ ಕೂಗು ಕೇಳಿಸಿತು. ಅಕ್ಕೋರ ಎನ್ನಲಿಲ್ಲ, ಆ ಹೆಸರಿಗೇ ಅಕ್ಕ ಸೇರಿಸಿ, “ಕೆಲಸ ನನಗೇ ಕೊಟ್ಟಾರ್ರೀ!” ಎಂದಳು. ಉತ್ತರ ಕೊಡುವ ಮೊದಲೇ ನಾನು ಎದ್ದು ನಿಂತಿದ್ದೆ.